ಬಿಳಿ ಬಟ್ಟೆಯ ಸಾಕ್ಷಿ

ನನ್ನ ಓರಗಿತ್ತಿ ಮೂವತ್ತೊಂದು ವರ್ಷ ಆಸ್ಪತ್ರೆಯವರು ತೊಡುವ ಬಿಳಿ ಕೋಟು ಹೊಲಿದಳು. ಪಕ್ಕದ ಸ್ಟೂಲಿನಲ್ಲಿ ಕೂತು ಗುಂಡಿ ಹಾಕುವುದು ನನ್ನ ಕೆಲಸ. ಕತ್ತರಿ ಮಡಿಲಲ್ಲೇ ಇದ್ದರೂ ಅವಳು ದಾರ ಕಡಿಯುತ್ತಿದ್ದುದು ಹಲ್ಲಿನಿಂದ.

ಒಂದು ದಿನ ಕಾಲರಿನ ಮೇಲೆ, ಅವಳು ದಾರ ಕಡಿದ ಕಡೆ, ಸಾಸಿವೆಯಷ್ಟು ಕೆಂಪು ಚುಕ್ಕೆ ಕಂಡಿತು. ಮರುವಾರ ಇನ್ನೆರಡು. ಹೊಲಿಗೆ ಅಂಗಡಿಯ ಮೇಸ್ತ್ರಿ ಕೋಟನ್ನು ಬೆಳಕಿಗೆ ಹಿಡಿದ.

"ಏನಮ್ಮಾ, ರೋಗಿ ಬರೋಕೆ ಮುಂಚೇನೇ ರಕ್ತ ಬಳೀತೀರಾ? ಬಾಯಿ ವಾಸಿಯಾಗೋವರೆಗೆ ಗೋಣಿಚೀಲ ಹೊಲೀರಿ."

ಅವಳನ್ನು ಹಿಂದಿನ ಕೋಣೆಗೆ ಕಳಿಸಿದರು. ನನಗೆ ಗುಂಡಿ ಹಾಕಲು ಕೈ ಓಡದಾಯಿತು.

ಒಸಡಿನಲ್ಲಿ ರಕ್ತ ಬರುವ ಕಡೆ ಹಲ್ಲುಜ್ಜುವುದನ್ನೇ ಅವಳು ಬಿಟ್ಟಿದ್ದಳೆಂದು ನನಗೆ ತಿಳಿದದ್ದು ಆಗಲೇ.

"ಹುಣ್ಣನ್ನ ಕೆರೆದ್ರೆ ಮಾಯುತ್ತಾ ಅಕ್ಕಾ?" ಎಂದಳು.

ನಾನು ಅವಳನ್ನು ಕರೆದೊಯ್ದೆ. ದಂತವೈದ್ಯೆ ಒಸಡಿನ ಸಂದಿಗೆ ಕಾಗದದ ಸಣ್ಣ ಪಟ್ಟಿ ಇಟ್ಟು, ಮೂವತ್ತು ಎಣಿಸಿ ತೆಗೆದಳು. ತೋಳಿನಿಂದ ರಕ್ತವನ್ನೂ ತೆಗೆದಳು. ಒಳಗೆ ಉರಿಯೂತವಿದ್ದರೆ ಎರಡರಲ್ಲೂ ಅದರ ಗುರುತು ಸಿಗುತ್ತದಂತೆ. ರಕ್ತದ ಅಂಕಿ ಮೂರರೊಳಗೆ ಇರಬೇಕಾದದ್ದು ಒಂಬತ್ತಿತ್ತು.

"ಉಜ್ಜದೆ ಬಿಟ್ಟ ಕಡೇನೇ ಕೊಳೆ ಕೂತು ಊದಿದೆ ಅಮ್ಮಾ."

"ಹಂಗಾದ್ರೆ ಹಲ್ಲು ಕಿತ್ತುಬಿಡ್ತೀರಾ?"

"ನೆಗಡಿ ಆಯ್ತು ಅಂತ ಮೂಗು ಕೊಯ್ಕೋತಾರಾ?"

ನಾಲ್ಕು ಸಲ ಹೋದೆವು. ಒಸಡು ಮರಗಟ್ಟಿಸಿ, ಅದರಡಿಯ ಗಟ್ಟಿ ಕೊಳೆಯನ್ನು ಕೆರೆದು ತೆಗೆದರು. ನಾನು ಅವಳ ಕೈ ಹಿಡಿದಿದ್ದೆ. ಸೂಜಿ ತಳ್ಳಿ ತಳ್ಳಿ ಅವಳ ಬೆರಳ ತುದಿ ಗೊರಸಿನಂತಾಗಿತ್ತು.

ಮನೆಯಲ್ಲಿ ಅವಳು ಹಲ್ಲುಜ್ಜುವಾಗ ಪಕ್ಕದಲ್ಲಿ ನಿಂತು ನೂರಿಪ್ಪತ್ತು ಎಣಿಸುತ್ತಿದ್ದೆ. ಮೊದಲ ವಾರ ಉಗುಳೆಲ್ಲ ಕೆಂಪು.

"ನೋಡು, ನಿನ್ ಮಾತು ಕೇಳಿ ಕೆಟ್ಟೆ!"

"ಎಂಬತ್ತೇಳು. ಮಾತಾಡದೆ ಉಜ್ಜು. ಎಂಬತ್ತೆಂಟು."

ಎರಡನೆಯ ವಾರ ಉಗುಳು ತಿಳಿಯಾಯಿತು.

ಮೂರು ತಿಂಗಳಿಗೆ ಮತ್ತೆ ಪರೀಕ್ಷೆ. ಪಟ್ಟಿಯಲ್ಲಿ ಸಿಕ್ಕ ಗುರುತು ಅರ್ಧಕ್ಕೂ ಕೆಳಗಿಳಿದಿತ್ತು, ರಕ್ತದ್ದು ಎರಡೂವರೆ. "ದಾರ ಮಾತ್ರ ಕಚ್ಚಬೇಡಿ" ಎಂದಳು ವೈದ್ಯೆ. ಇವಳು ಜಾಣ ಮಗುವಿನಂತೆ ತಲೆಯಾಡಿಸಿದಳು.

ಮರುದಿನ ಮೇಸ್ತ್ರಿಯ ಮುಂದೆ ಪರೀಕ್ಷೆಯ ಚೀಟಿ ಇಟ್ಟೆವು. ಅವನು ಅದನ್ನು ಹಿಂದೆ ಮುಂದೆ ತಿರುಗಿಸಿದ.

"ಅಂಕಿ ನಂಗೇನು ಅರ್ಥವಾಗುತ್ತೆ?"

ಓರಗಿತ್ತಿ ಒಂದು ಬಿಳಿ ತುಂಡು ಎಳೆದುಕೊಂಡು ನಾಲ್ಕು ಹೊಲಿಗೆ ಹಾಕಿ, ದಾರವನ್ನು ಕಟಕ್ಕನೆ ಹಲ್ಲಿನಿಂದ ಕಡಿದಳು. ತುಂಡನ್ನು ಬೆಳಕಿಗೆ ಹಿಡಿದಳು. ಬಟ್ಟೆ ಬಿಳಿಯಾಗೇ ಇತ್ತು.

ಮೇಸ್ತ್ರಿ ಕೋಟಿನ ಕಟ್ಟನ್ನು ಅವಳತ್ತ ತಳ್ಳಿದ.

ಅವಳು ಪಕ್ಕಕ್ಕೆ ಬಂದು ಕೂತು, ಕತ್ತರಿಗೆ ಲಾಡಿ ಕಟ್ಟಿ ಕೊರಳಿಗೆ ಹಾಕಿಕೊಂಡಳು.

"ಡಾಕ್ಟ್ರಿಗೆ ಹೇಳ್ಬೇಡ ಅಕ್ಕಾ."

ನಾನು ಹೇಳಿಲ್ಲ.