ಅಮ್ಮನ ರಾಣಿ, ಚಿಕ್ಕಮ್ಮನ ರಾಣಿ

ಅಮ್ಮ ಇರುವುದು ಸಿರುಗುಪ್ಪದಲ್ಲಿ, ಅವಳ ತಂಗಿ ಕುರುಗೋಡಿನಲ್ಲಿ. ಬಳ್ಳಾರಿಯ ನಮ್ಮ ಮನೆಗೆ ಇಬ್ಬರೂ ಬಂದರೆ, ನನ್ನ ಮೊಬೈಲಿನಲ್ಲಿ ಯಾವುದೋ ದೂರದೇಶದ ಅರಮನೆಯ ಇಬ್ಬರು ಸೊಸೆಯರ ಫೋಟೋ ನೋಡುತ್ತ ಕೂರುತ್ತಾರೆ. ನೀಟಾದ ಕೋಟಿಗೆ ಮುತ್ತಿನ ಪಿನ್ನು, ತಲೆಗೆ ಟೋಪಿ ಹಾಕುವ ಹಿರಿಸೊಸೆ ಅಮ್ಮನಿಗೆ ಇಷ್ಟ. ಕೂದಲು ಇಳಿಬಿಟ್ಟ ಕಿರಿಯವಳು ಚಿಕ್ಕಮ್ಮನಿಗೆ.

“ಅಷ್ಟು ದೊಡ್ಡ ಅರಮನ್ಯಾಗ ಒಂದು ಬಾಚಣಿಕಿ ಇಲ್ಲೇನು?” ಎಂದಳು ಅಮ್ಮ.

“ನಿನ್ನಾಕಿ ಟೊಪ್ಪಿಗಿ ನೋಡಕ್ಕ, ತಲಿ ಮ್ಯಾಲೆ ಬುಟ್ಟಿ ಬೋರಲು ಹಾಕಿದಂಗೈತಿ,” ಎಂದಳು ಚಿಕ್ಕಮ್ಮ.

ಮುಂದಿನ ತಿಂಗಳು ಸಿರುಗುಪ್ಪದಲ್ಲಿ ನೆಂಟರ ಮದುವೆ. ಅಮ್ಮ ಸೆರಗಿಗೆ ಮುತ್ತಿನ ಪಿನ್ನು ಚುಚ್ಚಿಕೊಂಡು ಗತ್ತಿನಿಂದ ಬಂದಳು. ಎಂದೂ ಜಡೆ ಹಾಕದೆ ಹೊರಗೆ ಕಾಲಿಡದ ಚಿಕ್ಕಮ್ಮ ಕೂದಲು ಹರವಿಕೊಂಡು ಆಟೋದಿಂದ ಇಳಿದಳು. ಒಬ್ಬರನ್ನೊಬ್ಬರು ಅಡಿಯಿಂದ ಮುಡಿಯವರೆಗೆ ನೋಡಿದರು. ನಾನು ಸೆರಗು ಬಾಯಿಗೆ ಹಿಡಿದು ನಗು ತಡೆದುಕೊಂಡೆ.

ಊಟಕ್ಕೆ ಕೂತಾಗ ಫ್ಯಾನಿನ ಗಾಳಿಗೆ ಚಿಕ್ಕಮ್ಮನ ಕೂದಲು ಹಾರಿ ಸಾರಿಗೆ ಬೀಳತೊಡಗಿತು. ಇನ್ನೂ ಎಲೆಗೆ ಕೈಹಾಕದ ಅಮ್ಮ ಎದ್ದು ಅವಳ ಹಿಂದೆ ನಿಂತು, ಚಿಕ್ಕಂದಿನಲ್ಲಿ ಹಾಕುತ್ತಿದ್ದಂತೆಯೇ ಜಡೆ ಹಾಕಲು ಶುರುಮಾಡಿದಳು.

“ಉಣ್ಣಾಗ ನಿನ್ನ ರಾಣಿನೂ ಕಟ್ಕೊಂತಾಳ, ಸುಮ್ನ ಕುಂದ್ರು.”

ಚಿಕ್ಕಮ್ಮ ಹೋಳಿಗೆ ಮುರಿಯುತ್ತ, “ಕಟ್ಟಕ್ಕ, ಆದ್ರ ಸಡ್ಲ ಇರ್ಲಿ. ಇನ್ನಾ ಫೋಟೋ ತೆಗಿಸ್ಕೋಬೇಕು,” ಎಂದಳು.