ಅಮ್ಮ ಒಳಗೆ ಕೂತು ಆರಿಸಿದ ಗಾಡಿ

ನಮ್ಮ ಚಿಕ್ಕಬಳ್ಳಾಪುರದ ಕಡೆ ಗಾಡಿ ಕೊಳ್ಳಲು ಹೋದವರು ಮೊದಲು ಟೈರಿಗೆ ಒದೆಯುತ್ತಾರೆ. ಯಾಕೆಂದು ನನಗೆ ಇವತ್ತಿಗೂ ತಿಳಿದಿಲ್ಲ, ಟೈರಿಗೂ ತಿಳಿದಿರಲಾರದು. ನಮ್ಮಪ್ಪ ಒದ್ದರು. ಲಾರಿ ಓಡಿಸುತ್ತಿದ್ದ ಸೋದರಮಾವ ಒದ್ದರು. ಹೊಸದಾಗಿ ಲೈಸೆನ್ಸ್ ಪಡೆದ ಜಂಬದಲ್ಲಿ ನಾನು ಅವರಿಬ್ಬರಿಗಿಂತ ಜೋರಾಗಿ ಒದ್ದು ಸಂಜೆಯವರೆಗೂ ಕುಂಟಿದೆ. ಅಮ್ಮ ಮಾತ್ರ ಒದೆಯಲಿಲ್ಲ. ಹಿಂದಿನ ಬಾಗಿಲು ತೆಗೆಸಿ, ಸೀರೆ ಎತ್ತಿಕಟ್ಟಿ ಒಳಗೆ ಹತ್ತಿ ಕೂತು, "ಹಾಕ್ರೋ ಬಾಗ್ಲು" ಅಂದಳು.

ನಮ್ಮದು ಕಡ್ಲೆಪುರಿ ಭಟ್ಟಿ. ತೊಂಬತ್ತರ ದಶಕದ ಮೊದಲ ವರ್ಷಗಳವು. ಅಪ್ಪ ಕಾದ ಮರಳಿನಲ್ಲಿ ಅಕ್ಕಿ ಹುರಿಯುತ್ತಿದ್ದರು, ಅಮ್ಮ ಜರಡಿ ಹಿಡಿದು ಚೀಲ ತುಂಬುತ್ತಿದ್ದಳು, ನಾನು ಲಗೇಜ್ ಆಟೋದಲ್ಲಿ ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರಿನ ಅಂಗಡಿಗಳಿಗೆ ಹಾಕಿ ಬರುತ್ತಿದ್ದೆ. ಪುರಿ ವಿಚಿತ್ರ ಸರಕು. ತೂಕ ಇಲ್ಲ, ಜಾಗ ಮಾತ್ರ ಊರಗಲ ಬೇಕು; ನಮ್ಮ ಬೀದಿಯ ಕೆಲವು ದೊಡ್ಡ ಮನುಷ್ಯರ ಹಾಗೆ. ಆಟೋ ಮೇಲೆ ಚೀಲ ಪೇರಿಸಿ ಟಾರ್ಪಾಲು ಕಟ್ಟಿಕೊಂಡು ನಾನು ಹೊರಟರೆ, "ನೋಡ್ರೋ, ನಂದಿ ಬೆಟ್ಟಕ್ಕೆ ಚಕ್ರ ಬಂದೈತೆ" ಎಂದು ಟೀ ಅಂಗಡಿಯವರು ನಗುತ್ತಿದ್ದರು. ಆದರೆ ಟಾರ್ಪಾಲಿನ ಒಂದು ಮೂಲೆ ಹಾರಿ ಥಂಡಿ ಗಾಳಿ ತಾಗಿದರೂ ಸಾಕು, ಗರಿಗರಿ ಪುರಿ ಮೆತ್ತಗಾಗಿ ಹತ್ತಿಯಂತಾಗುತ್ತಿತ್ತು.

ನನಗೆ ಇನ್ನೊಂದು ಕಸುಬೂ ಇತ್ತು, ಸಂಬಳವಿಲ್ಲದ್ದು. ಕಂಡವರ ದನಿ, ನಡಿಗೆ, ಕೆಮ್ಮು ಎಲ್ಲ ಅಣಕಿಸುವುದು. "ನಿನ್ನ ದನಿ ಯಾವುದು ಅಂತಲೇ ಮರೆತೋಗಿದೆ ಕಣೋ" ಎಂದು ಅಮ್ಮ ಬೈಯುತ್ತಿದ್ದಳು. ಒಂದು ಮಳೆಗಾಲದ ಸಂಜೆ ಗೌರಿಬಿದನೂರಿನಿಂದ ಬಂದವನೇ ಭಟ್ಟಿಯ ಮುಂದೆ ನಿಂತು, ಅಲ್ಲಿಯ ನಮ್ಮ ದೊಡ್ಡ ಗಿರಾಕಿಯಾಗಿದ್ದ ಅಂಗಡಿ ಯಜಮಾನರಾದೆ. ಕಣ್ಣು ಮುಚ್ಚಿದೆ. ಒಂದು ಹಿಡಿ ಪುರಿಯನ್ನು ಕಿವಿಯ ಹತ್ತಿರ ಹಿಸುಕಿದಂತೆ ಮಾಡಿ ಮೂಗಿನಲ್ಲಿ ರಾಗ ಎಳೆದೆ: "ಏನಪ್ಪಾ, ಪುರಿ ಅಂದ್ರೆ ಮಾತಾಡ್ಬೇಕಪ್ಪಾ. ಇದು ಮೌನವ್ರತ ಹಿಡಿದೈತೆ. ಇನ್ನೊಂದು ಕಿತ ಹಿಂಗೇ ಬಂದ್ರೆ ಹಿಂದೂಪುರದೋರ ಹತ್ರ ತರಿಸ್ಕೊಂತೀನಿ, ನಿಮ್ಮಮ್ಮನಿಗೆ ಹೇಳ್ಬಿಡು."

ಅಪ್ಪ ಹೊಟ್ಟೆ ಹಿಡಿದು ನಕ್ಕರು. ಅಮ್ಮನ ಜರಡಿ ನಿಂತಿತು.

"ನನ್ ಪುರಿ ಮೆತ್ತಗೈತೆ ಅಂದ್ರಾ?" ಎಂದು ಪಕ್ಕದ ಚೀಲದಿಂದ ಒಂದು ಹಿಡಿ ತೆಗೆದು ಕಿವಿಯ ಬಳಿ ಹಿಸುಕಿದಳು. ಕರಕರ ಅಂದಿತು. "ಇಲ್ಲಿ ಮಾತಾಡ್ತೈತಲ್ಲೋ! ದಾರೀಲಿ ಬಾಯಿ ಕಟ್ಟೋಗ್ತೈತೆ ಅಷ್ಟೆ. ಡಬ್ಬದ ಗಾಡಿ ತಗೊಳ್ಳೋಣ, ಎಲ್ಲಾ ಕಡೆ ಮುಚ್ಚಿರೋದು. ನನ್ ಪುರಿ ಇಲ್ಲಿಂದ ಹೆಂಗೆ ಹೊರಟಿತೋ ಹಂಗೇ ಗೌರಿಬಿದನೂರು ಮುಟ್ಬೇಕು."

ಗೌರಿಬಿದನೂರು ಕೈಬಿಟ್ಟರೆ ನಮ್ಮ ಭಟ್ಟಿ ಅರ್ಧ ವಾರ ತಣ್ಣಗಿರಬೇಕಾಗುತ್ತಿತ್ತು, ನಿಜ. ಆದರೆ ಅಮ್ಮನಿಗೆ ತಡೆಯಲಾಗದ್ದು ಬೇರೆ. ಅವಳ ಪುರಿಗೆ ಯಾರೋ ಮೂಗ ಎಂದುಬಿಟ್ಟಿದ್ದರು.

ಮೊದಲು ನೋಡಿದ್ದು ಚಿಂತಾಮಣಿಯಲ್ಲಿ, ಸೋಡಾ ಬಾಟಲಿ ಸಾಗಿಸುತ್ತಿದ್ದ ಗಾಡಿ. ನೀಲಿ ಬಣ್ಣ, ಕ್ಯಾಬಿನ್ನಿನಲ್ಲಿ ಟೇಪ್ ರೆಕಾರ್ಡರ್. ನಾನಾಗಲೇ ಮನಸ್ಸಿನಲ್ಲಿ ಕೊಂಡುಬಿಟ್ಟಿದ್ದೆ.

"ಎಂಜಿನ್ ನೋಡಕ್ಕಾ, ಸಿಂಹ!" ಅಂದರು ಮಾವ. "ಎಷ್ಟು ಟನ್ ಹಾಕಿದ್ರೂ ಎಳೀತೈತೆ."

"ನಾನು ಸಾಗಿಸೋದು ಪುರಿ ಕಣೋ, ಬಂಡೆ ಅಲ್ಲ" ಎಂದು ಅಮ್ಮ ಒಳಗೆ ಹತ್ತಿದಳು. ಬಾಗಿಲು ಹಾಕಿದೆವು. ಸ್ವಲ್ಪ ಹೊತ್ತಿಗೆ ಒಳಗಿನಿಂದ ದನಿ ಬಂತು: "ಇಲ್ಲೊಂದು ನಕ್ಷತ್ರ! ಅಲ್ಲಿ ನಾಲ್ಕೈದು! ಅಯ್ಯಯ್ಯೋ, ಅಮಾವಾಸ್ಯೆ ಆಕಾಶ ಇದ್ದಂಗೈತಲ್ರೀ."

ಬಿಸಿಲಿಗೆ ತಲೆ ಕೆಟ್ಟಿತೇನೋ ಎಂದು ಅಪ್ಪನೂ ಒಳಗೆ ಹತ್ತಿದರು. ಇಳಿದಾಗ ಅವರ ಮುಖ ನೋಡಬೇಕಿತ್ತು. ತುಕ್ಕು ತಿಂದ ತೂತುಗಳಿಂದ, ಮೊಳೆ ಕಿತ್ತ ಜಾಗಗಳಿಂದ ಮಧ್ಯಾಹ್ನದ ಬಿಸಿಲು ಚುಕ್ಕಿ ಚುಕ್ಕಿಯಾಗಿ ಒಳಗೆ ಬರುತ್ತಿತ್ತು. "ಬೆಳಕು ನುಗ್ಗೋ ಕಡೆ ನೀರು ನುಗ್ಗಲ್ವಾ?" ಎಂದಳು ಅಮ್ಮ. ಗಾಡಿಯವನು ತಾನೂ ಒಳಗೆ ಕೂತು ಬಾಗಿಲು ಹಾಕಿಸಿಕೊಂಡ. ಪಾಪ, ಅಷ್ಟು ವರ್ಷ ಹೊರಗಿನಿಂದಲೇ ನೋಡಿದ್ದನಂತೆ.

ಎರಡನೆಯದು ನಮ್ಮೂರಿನಲ್ಲೇ ಹೊಸದಾಗಿ ಡಬ್ಬ ಕಟ್ಟಿಸಿದ್ದು, ಹಾಲಿನಂತೆ ಬೆಳ್ಳಗೆ. ಆ ಬೆಳಿಗ್ಗೆ ಜಿಟಿಜಿಟಿ ಮಳೆ. ಅಮ್ಮ ಭಟ್ಟಿಯಿಂದ ಆಗತಾನೆ ತುಂಬಿದ ಬೆಚ್ಚಗಿನ ಚೀಲವೊಂದನ್ನು ತಬ್ಬಿಕೊಂಡು ಒಳಗೆ ಕೂತಳು. ನಕ್ಷತ್ರದ ಸುದ್ದಿಯೇ ಇಲ್ಲ. ಹೊರಗೆ ಬೇಜಾರಾಗಿ ನಾನು ಅಪ್ಪನ ದನಿಯಲ್ಲಿ, "ಸರಿ ಕಣಯ್ಯ, ಇದನ್ನೇ ತಗೊಂಡ್ವಿ, ಅಡ್ವಾನ್ಸ್ ಹಿಡಿ" ಅಂದೆ. ಮಾರುವವನ ಮುಖ ಅರಳಿತು. ಒಳಗಿನಿಂದ ತಗಡಿನ ಮೇಲೆ ಗುದ್ದು ಬಿತ್ತು.

"ಲೇ ಕಪಿ! ನಿಮ್ಮಪ್ಪ ಯಾವತ್ತಾದ್ರೂ ನನ್ನ ಕೇಳ್ದೆ ಸರಿ ಅಂದಿದ್ದಾರೇನೋ?"

"ಅದೂ ನಿಜಾನೇ" ಎಂದರು ಪಕ್ಕದಲ್ಲಿ ನಿಂತಿದ್ದ ಅಪ್ಪ.

ಬಾಗಿಲು ತೆಗೆದಾಗ ಅಮ್ಮ ಛಾವಣಿಯ ತಗಡಿಗೆ ಅಂಗೈ ಒರೆಸಿ ತೋರಿಸಿದಳು. ಒದ್ದೆ. "ನನ್ ಉಸಿರು, ಪುರಿ ಬಿಸಿ ಎಲ್ಲಾ ಮೇಲೆ ನೀರಾಗಿ ಕೂತೈತೆ. ಇದು ಗಾಡಿ ಅಲ್ಲ, ಇಡ್ಲಿ ಪಾತ್ರೆ." ಆಚೆಯ ಮಳೆಗಿಂತ ಒಳಗೇ ಮಳೆ ಸುರಿಸುವ ಗಾಡಿಯನ್ನು ಅಲ್ಲೇ ಬಿಟ್ಟು ಬಂದೆವು.

ಮೂರನೆಯದು ಶಿಡ್ಲಘಟ್ಟದಲ್ಲಿ, ರೇಷ್ಮೆ ನೂಲು ಸಾಗಿಸುತ್ತಿದ್ದ ಮುದಿ ಗಾಡಿ. ಅದರ ಒಂದು ದೀಪ ಚಿಂತಾಮಣಿ ಕಡೆ ನೋಡಿದರೆ ಇನ್ನೊಂದು ಜಂಗಮಕೋಟೆ ಕಡೆ ನೋಡುತ್ತಿತ್ತು. ಎಂಜಿನ್ ಹೊತ್ತಿಕೊಳ್ಳುವ ಮುಂಚೆ ಹರಿಕಥೆ ದಾಸರಂತೆ ಗಂಟಲು ಸರಿಮಾಡಿಕೊಳ್ಳುತ್ತಿತ್ತು. ನಾನು ಆ ಗಂಟಲನ್ನು ಅಲ್ಲೇ ಕಲಿತು ವಾಪಸ್ಸು ಒಪ್ಪಿಸಿದೆ. ಮಾವ ಟೈರಿಗೆ ಒದೆಯುವ ಮರ್ಯಾದೆಯನ್ನೂ ಕೊಡಲಿಲ್ಲ.

ಆದರೆ ಒಳಗೆಲ್ಲ ತಗಡಿಗೆ ಮರದ ಹಲಗೆ ಹೊದಿಸಿದ್ದರು. ಮೇಲೆ ಗಾಳಿಯಾಡಲು ಚಿಕ್ಕದೊಂದು ಕಿಂಡಿ, ಅದಕ್ಕೆ ಮಳೆ ಬೀಳದಂತೆ ಮರೆ. "ನೂಲಿಗೂ ಥಂಡಿ ಆಗ್ಬರಲ್ಲಮ್ಮ" ಎಂದರು ಗಾಡಿಯವರು. ಅಮ್ಮ ಬೆಳಕು ಬಾರದಂತೆ ಕಿಂಡಿಗೆ ಬಟ್ಟೆ ತುರುಕಿಸಿ ಒಳಗೆ ಕೂತಳು. ನಾನು ಮೇಲೆ ಹತ್ತಿ ಕೊಡಗಟ್ಟಲೆ ನೀರು ಸುರಿದೆ. ತಗಡಿಗೆ ಬಾಯಿಟ್ಟು ಕೂಗಿದೆ.

"ಅಮ್ಮಾ, ಎಷ್ಟು ನಕ್ಷತ್ರ?"

"ಒಂದೂ ಇಲ್ಲ ಕಣಪ್ಪಾ" ಅಂದಳು. ಹಬ್ಬಕ್ಕೆ ಹೊಸ ಸೀರೆ ಬಂದಾಗಲೂ ಆ ದನಿ ಕೇಳಿರಲಿಲ್ಲ.

ಆಮೇಲೆ ವಾಸನೆಯ ಪರೀಕ್ಷೆ. ಪುರಿ ಪಕ್ಕದವರ ವಾಸನೆ ಬೇಗ ಹಿಡಿಯುತ್ತದೆ. ಒಂದು ಬೋಗುಣಿ ಪುರಿ ಒಳಗಿಟ್ಟು ಬಾಗಿಲು ಹಾಕಿ, ಟೀ ಕುಡಿದು, ಹರಟೆ ಹೊಡೆದು ಬಂದು, ಗಾಡಿಯವರೂ ಸೇರಿ ಎಲ್ಲರೂ ಸುತ್ತ ನಿಂತು ತಿಂದೆವು. ರೇಷ್ಮೆಯ ಸೊಲ್ಲೇ ಇರಲಿಲ್ಲ.

"ಇದೇ" ಎಂದಳು ಅಮ್ಮ.

"ಅಕ್ಕಾ, ಇದರ ಮುಖ ನೋಡಿದ್ಯಾ?" ಎಂದು ಮಾವ ಗೋಳಾಡಿದರು.

ಅಮ್ಮ ಅಪ್ಪನನ್ನು ನೋಡಿದಳು, ನನ್ನನ್ನು ನೋಡಿದಳು. "ಮುಖ ನೋಡಿ ಆರಿಸೋ ಹಂಗಿದ್ರೆ ನಮ್ಮನೇಲಿ ಯಾರಿರ್ತಿದ್ರೋ?"

ಮಾವ ಗೊಣಗುತ್ತಲೇ ಎಂಜಿನ್ ಬಿಚ್ಚಿ ಜೋಡಿಸಿ ಅದರ ಗಂಟಲು ವಾಸಿ ಮಾಡಿದರು. ಗೌರಿಬಿದನೂರಿಗೆ ಮೊದಲ ಲೋಡು ಹೊರಟ ದಿನ ಆಕಾಶ ಕಿತ್ತುಕೊಂಡು ಬಿತ್ತು. ಭಟ್ಟಿಯ ಬೆಂಕಿ ಬಿಟ್ಟು ಅಪ್ಪ ಬರುವಂತಿರಲಿಲ್ಲ. ಅಮ್ಮ ಮದುವೆಗೆ ಉಡುವ ಸೀರೆ ಉಟ್ಟು ನನ್ನ ಪಕ್ಕ ಕೂತಳು. ಮಂಚೇನಹಳ್ಳಿ ದಾಟುವ ಹೊತ್ತಿಗೆ, "ನಿಲ್ಸೋ, ಒಂದು ಸಲ ನೋಡಣ" ಎಂದು ಶುರು ಮಾಡಿದಳು.

"ಬಾಗಿಲು ತೆಗೆದ್ರೆ ನೀನೇ ಮಳೇನ ಊಟಕ್ಕೆ ಕರೆದಂಗಾಯ್ತದೆ, ಸುಮ್ನಿರಮ್ಮ."

ಅಮ್ಮ ಬಾಗಿಲಿನ ಆಸೆ ಬಿಟ್ಟಳು. ಊರು ಮುಟ್ಟುವವರೆಗೂ ಹಿಂದಿನ ಹಲಗೆಗೆ ಕಿವಿ ಕೊಟ್ಟೇ ಕೂತಿದ್ದಳು.

ಯಜಮಾನರು ಕೆಳಗಿನ ಚೀಲವೇ ಬೇಕೆಂದು ಎಳೆಸಿದರು. ಮಳೆಯ ಸದ್ದಿಗೆ ಕೇಳದೆಂದು ಅಂಗಡಿಯ ಒಳಕೋಣೆಗೆ ಹೋಗಿ, ಕಣ್ಣು ಮುಚ್ಚಿ, ಒಂದು ಹಿಡಿಯನ್ನು ಕಿವಿಯ ಬಳಿ ಹಿಸುಕಿದರು. ಕರಕರ. ನಮಗೆ ಬಾಗಿಲವರೆಗೂ ಕೇಳಿಸಿತು. ಉಳಿದದ್ದನ್ನು ಬಾಯಿಗೆ ಹಾಕಿಕೊಂಡು ಹೊರಗೆ ಬಂದರು.

"ಅಮ್ಮಾ, ಮಾತಾಡ್ತೈತಮ್ಮಾ! ಈ ಮಳೇಲೂ ಮಾತಾಡ್ತೈತೆ. ಹಿಂದೂಪುರ ಯಾರಿಗೆ ಬೇಕು, ಹಬ್ಬಕ್ಕೆ ಎರಡರಷ್ಟು ಹಾಕ್ಬಿಡಿ."

"ಹೂಂ, ನೋಡಣ" ಎಂದಳು ಅಮ್ಮ, ಅದೇನು ದೊಡ್ಡ ವಿಷಯವಲ್ಲ ಎಂಬಂತೆ.

ಊರಿನ ಕೊನೆಯ ಮನೆ ದಾಟಿದ್ದೇ ತಡ, ನನ್ನ ಕಡೆ ತಿರುಗಿದಳು. "ಅವರು ಹೇಳಿದ್ದು ಒಂದು ಸಲ ಹೇಳೋ. ಅವರ ಹಂಗೇ." ಹೇಳಿದೆ. ಮಂಚೇನಹಳ್ಳಿಯಲ್ಲಿ ಮತ್ತೊಮ್ಮೆ ಹೇಳಿಸಿದಳು. ಮನೆ ಸೇರಿದ ಮೇಲೆ ನನ್ನನ್ನು ಅಪ್ಪನ ಮುಂದೆ ನಿಲ್ಲಿಸಿ, ತಾನು ಜರಡಿ ಹಿಡಿದು ಏನೂ ಕೇಳದವಳ ಹಾಗೆ ಕೂತಳು. ನಾನು ಮೂಗಿನಲ್ಲಿ ರಾಗ ಎಳೆದು ಎಲ್ಲ ಒಪ್ಪಿಸಿದೆ. ಅಪ್ಪ ನಗಲಿಲ್ಲ, ಹೆಗಲ ಮೇಲಿನ ಟವಲಿನಲ್ಲಿ ಮುಖ ಒರೆಸಿಕೊಂಡು ಹೊರಗೆ ನಿಂತಿದ್ದ ಮೆಳ್ಳೆಗಣ್ಣಿನ ಗಾಡಿಯನ್ನು ಬಹಳ ಹೊತ್ತು ನೋಡಿದರು.

"ತಪ್ಪು ಹೇಳ್ದೆ" ಎಂದಳು ಅಮ್ಮ ಜರಡಿಯಿಂದ ತಲೆ ಎತ್ತದೆ. "ಅವರು 'ಅಮ್ಮಾ' ಅಂತ ಎರಡು ಸಲ ಅಂದ್ರು. ನೀನು ಒಂದೇ ಸಲ ಅಂದೆ. ಮೊದಲಿಂದ ಹೇಳು."

ನಾನು ಕಣ್ಣು ಮುಚ್ಚಿ, ಮುಷ್ಟಿಯನ್ನು ಕಿವಿಗಿಟ್ಟು, ಮೊದಲಿಂದ ಶುರು ಮಾಡಿದೆ.