ವಾಮಂಜೂರು ಬಸ್ಸಿನಲ್ಲಿ ಅರ್ಧ ನಿಮಿಷ

ಇದು ಕಳೆದ ವರ್ಷದ ಬೇಸಿಗೆ ರಜೆಯಲ್ಲಿ ನಡೆದದ್ದು. ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು, ಮನೆ ದೇರೆಬೈಲಿನಲ್ಲಿ, ವಯಸ್ಸು ನಲವತ್ತನಾಲ್ಕು. ತರಗತಿಯ ಹುಡುಗರು ಸದಾ ಮಾತಾಡುವ ಮೊಬೈಲಿನ ಶೂಟಿಂಗ್ ಆಟವನ್ನು, ಬೈಯುವ ಮೊದಲು ಅದೇನೆಂದು ತಿಳಿದಿರಲಿ ಎಂದು ಹಾಕಿಕೊಂಡಿದ್ದೆ. ಬೈಯುವುದು ಹಾಗೇ ಉಳಿಯಿತು, ಆಟ ನನ್ನನ್ನು ಹಿಡಿದುಕೊಂಡಿತು. ನನಗೆ ಜೊತೆಯಾದವಳು ಕೊಟ್ಟಾರದಲ್ಲಿ ಬಟ್ಟೆ ಅಂಗಡಿ ನಡೆಸುವ ಝೋಹರಾ. ಅವಳ ಮಗ ನನ್ನ ಹಳೆಯ ವಿದ್ಯಾರ್ಥಿ, ಹಾಗಾಗಿ ನನ್ನನ್ನು ಟೀಚರ್ ಎಂದೇ ಕರೆಯುತ್ತಾಳೆ. ಆಟದಲ್ಲಿ ಮಾತ್ರ ಅವಳೇ ಟೀಚರ್.

ವಾಮಂಜೂರಿನ ಒಂದು ಕಾಲೇಜಿನಲ್ಲಿ ಜೋಡಿಗಳ ಪಂದ್ಯ ಇಟ್ಟಿದ್ದರು. ನಾವು ಹೆಸರು ಕೊಡಲು ಹೋದಾಗ ಮೇಜಿನ ಹಿಂದೆ ಕೂತಿದ್ದವನು ನಮ್ಮನ್ನು ಮೇಲಿಂದ ಕೆಳಗೆ ನೋಡಿದ. "ಆಂಟಿ, ಇದು ಓಡಿಕೊಂಡು ಹೊಡೆಯುವ ಆಟ. ಹುಲ್ಲಿನಲ್ಲಿ ಅಡಗಿ ಕೂತ್ರೆ ಆಗುದಿಲ್ಲ" ಎಂದ. ಸುತ್ತ ನಿಂತವರು ನಕ್ಕರು. ನಿಜ ಹೇಳಬೇಕೆಂದರೆ ನಾವು ಅಲ್ಲಿಯವರೆಗೆ ಆಡುತ್ತಿದ್ದುದೇ ಹಾಗೆ. ಅದಕ್ಕೇ ನನಗೆ ಸಿಟ್ಟು ನೆತ್ತಿಗೇರಿತು. ಹೊರಗೆ ಬಂದವಳೇ, "ಫೈನಲಿಗೆ ಹೋಗ್ಲೇಬೇಕು ಝೋಹರಾ, ಅದೂ ಓಡಿಕೊಂಡೇ" ಎಂದೆ.

ಪಂದ್ಯಕ್ಕೆ ಹತ್ತು ದಿನ ಇರುವಾಗ ತಂಗಿಯ ಮಗಳ ರೋಸ್ ಬಂತು. ಮದುವೆಯ ಮುನ್ನಾದಿನ ವಧುವಿಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ ಅದು, ನಮ್ಮ ಕೊಂಕಣಿ ಕ್ರೈಸ್ತರಲ್ಲಿ ಅದಿಲ್ಲದೆ ಮದುವೆ ಇಲ್ಲ. ಹಾಲಿಗೆಂದು ರಾಶಿ ಕಾಯಿ ಹೆರೆಯುತ್ತಿದ್ದೆವು. ಕೈ ಕೆಲಸದಲ್ಲಿ, ಬಾಯಿ ಮಾತಿನಲ್ಲಿ. ಹೆರೆಮಣೆಯ ಹಲ್ಲು ನನ್ನ ಬಲ ಹೆಬ್ಬೆರಳಿಗೆ ಹೊಕ್ಕಿತು. ಮೂರು ಹೊಲಿಗೆ ಬಿತ್ತು, ಎರಡು ವಾರ ಬೆರಳು ಮಡಚಬಾರದು ಎಂದರು ಡಾಕ್ಟರು. ಆ ಆಟದಲ್ಲಿ ಎಡ ಹೆಬ್ಬೆರಳು ನಮ್ಮನ್ನು ಓಡಿಸುತ್ತದೆ, ಬಲ ಹೆಬ್ಬೆರಳು ಗುರಿ ಹಿಡಿಯುತ್ತದೆ. ಅಂದರೆ ನಾನು ಓಡಬಲ್ಲೆ, ಹೊಡೆಯಲಾರೆ.

ಝೋಹರಾ ಬ್ಯಾಂಡೇಜ್ ನೋಡಿ ನನ್ನ ಫೋನ್ ತೆಗೆದುಕೊಂಡು ಸೆಟ್ಟಿಂಗ್ ತೆರೆದಳು. ಆಮೇಲೆ, "ಗೈರೋ ಅಂತ ಉಂಟಲ್ಲ ಟೀಚರ್. ಫೋನನ್ನೇ ತಿರುಗಿಸಿ, ಗುರಿಯೂ ಆಚೆ ತಿರುಗ್ತದೆ. ಹೊಡೀಲಿಕ್ಕೆ ತೋರುಬೆರಳು ಸಾಕು" ಎಂದಳು.

ಮೊದಲ ದಿನ ನನ್ನ ಗುಂಡುಗಳೆಲ್ಲ ಆಕಾಶಕ್ಕೇ ಹೋದವು. ನಾನೂ ಬಿಡಲಿಲ್ಲ. ದಿನವೂ ಬೆಳಿಗ್ಗೆ ಎರಡು ತಾಸು ಅಭ್ಯಾಸ, ಮಣಿಕಟ್ಟು ನೋಯತೊಡಗಿದರೆ ಬಿಸಿನೀರಿನ ಶಾಖ. ನಾಲ್ಕನೆಯ ದಿನ ನನ್ನ ತಪ್ಪು ಹೊಳೆಯಿತು. ನಾನು ಎದುರಾಳಿಯ ಹಿಂದೆ ಗುರಿಯನ್ನು ಅಟ್ಟಿಸಿಕೊಂಡು ಹೋಗುತ್ತಿದ್ದೆ. ಹಾಗಲ್ಲ, ಗುರಿಯನ್ನು ತಲೆಯೆತ್ತರಕ್ಕೆ ಹಿಡಿದು ನಾನೇ ಪಕ್ಕಕ್ಕೆ ಓಡಿದರೆ ಅವನು ತಾನಾಗಿ ಗುರಿಗೆ ಬಂದು ಬೀಳುತ್ತಾನೆ. ಕೊನೆಯ ಕೂದಲೆಳೆಯಷ್ಟನ್ನು ಮಾತ್ರ ಮಣಿಕಟ್ಟು ತಿದ್ದಬೇಕು. ಅಲ್ಲಿಂದ ಮುಂದೆ ಓಟ ನನಗೆ ಭಯ ಅನಿಸಲಿಲ್ಲ.

ಪಂದ್ಯದ ದಿನ ಮೊದಲ ಸುತ್ತು ಎರಡು ಗಂಟೆಗೆ, ಅದನ್ನು ಎಲ್ಲಿಂದ ಬೇಕಾದರೂ ಆಡಬಹುದಿತ್ತು. ಕೊನೆಗೆ ಉಳಿಯುವ ಐದು ಜೋಡಿಗಳು ಮೂರು ಗಂಟೆಗೆ ಕಾಲೇಜಿನಲ್ಲಿ ಫೈನಲ್ ಆಡಬೇಕು. ಬೇಗ ಹೋಗಿ ಅಲ್ಲೇ ಕೂತು ಆಡೋಣ ಎಂದುಕೊಂಡಿದ್ದೆವು. ಆದರೆ ಝೋಹರಾಳ ಅಂಗಡಿಗೆ ಮದುವೆ ಜವಳಿಯವರು ಬಂದು ತಡವಾಯಿತು, ನಂತೂರಿನಲ್ಲಿ ಬಸ್ಸು ಸಿಕ್ಕಿಹಾಕಿಕೊಂಡಿತು. ಎರಡು ಗಂಟೆ ಹೊಡೆದಾಗ ನಾವು ಬಸ್ಸಿನಲ್ಲೇ ಇದ್ದೆವು. ಬೇರೆ ದಾರಿಯಿಲ್ಲದೆ ಅಲ್ಲೇ ಆಟ ಶುರುಮಾಡಿದೆವು.

ಹತ್ತು ದಿನದ ಅಭ್ಯಾಸವೆಲ್ಲ ಗಟ್ಟಿ ನೆಲದ ಮೇಲೆ ಮಾಡಿದ್ದು. ಬಸ್ಸು ಬಲಕ್ಕೆ ತಿರುಗಿದರೆ ನನ್ನ ಗುರಿಯೂ ಬಲಕ್ಕೆ ತಿರುಗುತ್ತಿತ್ತು, ಹೊಂಡಕ್ಕೆ ಇಳಿದರೆ ಮೋಡಕ್ಕೆ ಹಾರುತ್ತಿತ್ತು. ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ಗಣಿತದ ಟೀಚರಂತೆ! ಫೋನು ಹಿಡಿದು ಅತ್ತಿತ್ತ ಹೊರಳಾಡುತ್ತಿದ್ದ ನನ್ನನ್ನು ಕಂಡು ಕಂಡಕ್ಟರ್ ಹತ್ತಿರ ಬಂದು ಪ್ಲಾಸ್ಟಿಕ್ ಚೀಲ ಚಾಚಿದ.

"ಎಂತಾಯ್ತು ಅಕ್ಕ, ವಾಂತಿ ಬರ್ತದಾ? ಈ ತೊಟ್ಟೆ ಹಿಡ್ಕೊಳ್ಳಿ."

"ವಾಂತಿ ಅಲ್ಲ ಮಾರಾಯ್ರೆ, ಪಂದ್ಯ!" ಎಂದು ಝೋಹರಾ ಎಲ್ಲವನ್ನೂ ಒಂದೇ ಉಸಿರಿಗೆ ವಿವರಿಸಿದಳು.

ಅವನು ನಗಲಿಲ್ಲ. ಟಿಕೆಟ್ ಕೊಡುತ್ತಲೇ "ಅಕ್ಕ, ಈಗ ಎಡಕ್ಕೆ ಉಂಟು... ಎದುರು ಹೊಂಡ ಉಂಟು" ಎಂದು ಕೂಗತೊಡಗಿದ. ಅವನು ಎಡ ಎಂದರೆ ನಾನು ಫೋನನ್ನು ಬಲಕ್ಕೆ ಹೊರಳಿಸುತ್ತಿದ್ದೆ. ಹಾಗೇ ಇಬ್ಬರನ್ನು ಹೊಡೆದೆ. ಹಿಂದಿನ ಸೀಟಿನವರು ನನ್ನ ಹೆಗಲ ಮೇಲಿಂದ ಇಣುಕುತ್ತಿದ್ದರು.

ಆರು ಜೋಡಿ ಉಳಿದಾಗ ಝೋಹರಾಳಿಗೆ ಗುಂಡು ಬಿತ್ತು. "ನಾನು ಹೋದೆ ಟೀಚರ್. ಒಂದು ಜೋಡಿ ಹೋದ್ರೆ ನಾವು ಫೈನಲಿಗೆ, ನೀವು ಬಿದ್ರೆ ಮನೆಗೆ." ನನ್ನೆದುರು ತನ್ನ ಜೋಡಿ ಕಳೆದುಕೊಂಡ ಒಬ್ಬ ಗೋಡೆಯ ಮರೆಯಲ್ಲಿದ್ದ. ನಡುವೆ ಬಯಲು. ಈ ಆಟದಲ್ಲಿ ಆಡುವ ವಲಯ ಸುತ್ತಲಿಂದ ಕುಗ್ಗುತ್ತ ಬರುತ್ತದೆ, ಹೊರಗುಳಿದವರು ಸಾಯುತ್ತಾರೆ. ನಾನು ಅಡಗಿದ್ದ ಜಾಗ ಇನ್ನೇನು ಮುಚ್ಚಿಹೋಗುವುದರಲ್ಲಿತ್ತು, ಓಡಲೇಬೇಕು.

ಅಷ್ಟರಲ್ಲಿ ಬಸ್ಸು ಕುಲಶೇಖರದ ಸ್ಟಾಪಿನಲ್ಲಿ ನಿಂತಿತು. ಇಳಿಯುವವರು ಇಳಿದರು. ಕಂಡಕ್ಟರ್ ವಿಶಿಲ್ ಬಾಯಿಗಿಟ್ಟ.

"ಅರ್ಧ ನಿಮಿಷ ನಿಲ್ಲಿಸ್ತೀರಾ ಅಣ್ಣ?" ಎಂದೆ. ಎಂಥ ಕೇಳಬಾರದ್ದನ್ನು ಕೇಳಿದೆನೆಂದು ಮಂಗಳೂರಿನವರಿಗೆ ಗೊತ್ತು. ನಮ್ಮ ಸಿಟಿ ಬಸ್ಸುಗಳು ಓಡುವುದೇ ನಿಮಿಷದ ಲೆಕ್ಕದಲ್ಲಿ. ತಡವಾದರೆ ಮುಂದಿನ ಸ್ಟಾಪಿನ ಜನ ಹಿಂದಿನ ಬಸ್ಸಿನ ಪಾಲು.

"ಎಂತ ಮಾರಾಯ, ಹಿಂದಿನ ಗಾಡಿ ಬಂತು!" ಎಂದು ಡ್ರೈವರ್ ಕೂಗಿದ.

ಕಂಡಕ್ಟರ್ ವಿಶಿಲನ್ನು ಬಾಯಿಂದ ತೆಗೆದ. "ನಿಲ್ಲು ಮಾರಾಯ. ಅಕ್ಕಂದು ಒಂದು ಬಾಕಿ ಉಂಟು."

ನಾನು ಬಯಲಿಗೆ ಇಳಿದು ಎಡಕ್ಕೆ ಓಡಿದೆ. ಅವನ ಗುಂಡುಗಳು ನನ್ನ ಬೆನ್ನ ಹಿಂದೆ ಹೋದವು. ಗುರಿಯನ್ನು ಅಲುಗಾಡಿಸಲಿಲ್ಲ. ಗೋಡೆಯ ಅಂಚಿನಿಂದ ಅವನ ತಲೆ ಗುರಿಯೊಳಗೆ ಬಂದದ್ದೇ ತೋರುಬೆರಳು ಒತ್ತಿದೆ. ಬಿದ್ದ. ಝೋಹರಾ ಕಿರುಚಿದಳು, ಬಸ್ಸಿನವರು ಚಪ್ಪಾಳೆ ಹೊಡೆದರು. ಅದೇ ಹೊತ್ತಿಗೆ ಹಿಂದಿನ ಬಸ್ಸು ಹಾರ್ನ್ ಬಜಾಯಿಸುತ್ತ ನಮ್ಮನ್ನು ದಾಟಿ ಹೋಯಿತು.

ವಾಮಂಜೂರಿನಲ್ಲಿ ಇಳಿಯುವಾಗ ಆ ಕಂಡಕ್ಟರಿಗೆ ಥ್ಯಾಂಕ್ಸ್ ಹೇಳಲು ನಿಂತೆ. "ಬೇಗ ಇಳೀರಿ ಅಕ್ಕ, ನಮ್ಮ ಟೈಮ್ ಹೋಗಿ ಆಯ್ತು" ಎಂದು ನಕ್ಕ. ಫೈನಲಿನಲ್ಲಿ ನಾವು ನಾಲ್ಕನೆಯವರಾದೆವು. ಬಯಲಿನಲ್ಲಿ ಓಡುತ್ತಲೇ ಬಿದ್ದೆವು. ಹುಲ್ಲಿನ ಮಾತನ್ನು ಯಾರೂ ಎತ್ತಲಿಲ್ಲ. ನನಗೆ ತುಂಬಾ ಹೆಮ್ಮೆಯಾಯಿತು.

ಹತ್ತು ದಿನದ ಹಟ ನನ್ನದೇ, ಅದನ್ನು ಯಾರಿಗೂ ಬಿಟ್ಟುಕೊಡುವುದಿಲ್ಲ. ಆದರೆ ಆ ಅರ್ಧ ನಿಮಿಷ ನನ್ನದಲ್ಲ. ಬೆಲ್ ಹೊಡೆದ ಕೂಡಲೇ ಉತ್ತರಪತ್ರಿಕೆ ಎಳೆದುಕೊಳ್ಳುವವಳೆಂದು ಶಾಲೆಯಲ್ಲಿ ನನಗೆ ಹೆಸರಿದೆ. ಇಪ್ಪತ್ತು ವರ್ಷ "ಅರ್ಧ ನಿಮಿಷ ಟೀಚರ್" ಎಂದು ಕೇಳಿದ ಒಂದು ಮಗುವಿಗೂ ಕೊಟ್ಟವಳಲ್ಲ. ರಜೆ ಮುಗಿದು ಮೊದಲ ಪರೀಕ್ಷೆ. ಬೆಲ್ ಹೊಡೆಯಿತು. ಮೂರನೇ ಬೆಂಚಿನ ಹುಡುಗಿ ಕೊನೆಯ ಲೆಕ್ಕದ ಮೇಲೆ ಬಾಗಿ ಬರೆಯುತ್ತಲೇ ಇದ್ದಳು. ನಾನು ಪತ್ರಿಕೆಗೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದೆ. ಅವಳು ಗಾಬರಿಯಿಂದ ತಲೆಯೆತ್ತಿದಳು.

"ಬರೆ, ನಿಂತಿದ್ದೇನೆ" ಎಂದೆ.